ಕಾಲಲ್ಲಿ ನೀರು

ಸ್ಟ್ರೆಚರಿನ ನಾಲ್ಕು ಮೂಲೆ ಹಿಡಿದವರು ಬಗ್ಗಿ, "ಒಂದು, ಎರಡು" ಅಂದು, ಇನ್ನೇನು ಮೂರು ಅನ್ನಬೇಕು, ಅಷ್ಟರಲ್ಲಿ ಹೂಂ ಮಾವ ನಡುವೆ ನುಗ್ಗಿ ಹೆಂಡತಿಯ ಎಡತೊಡೆಯ ಮೇಲೆ ಕೈಯಿಟ್ಟುಬಿಟ್ಟರು. ಬಗ್ಗಿದವರು ಬಗ್ಗಿದ ಹಾಗೇ ನಿಂತರು. ಗೇಟಿನ ಹೊರಗೆ ವ್ಯಾನು ಎಂಜಿನ್ ಆರಿಸದೆ ಕಾಯುತ್ತಿತ್ತು. ಬಾಗಿಲ ಬಳಿ ನೆರೆದಿದ್ದ ಹೆಂಗಸರು, ಪಾಪ, ಕಳಿಸೋಕೆ ಮನಸ್ಸೇ ಬರ್ತಿಲ್ಲ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಾಲಲ್ಲಿ ನೀರಿದೆ," ಅಂದರು ಹೂಂ ಮಾವ.

ಸತ್ತವಳ ತಮ್ಮ, ಅಂದರೆ ಹೂಂ ಮಾವನ ಭಾವಮೈದ, ಬೆಳಗ್ಗೆಯಿಂದ ಎಲ್ಲದರ ಉಸ್ತುವಾರಿ ಹೊತ್ತುಕೊಂಡು ಓಡಾಡುತ್ತಿದ್ದ. ವ್ಯಾನಿಗೆ ಹೇಳಿದವನು ಅವನು, ಹೂವು ತರಿಸಿದವನು ಅವನು, ಯಾರು ಯಾವ ಕುರ್ಚಿಯಲ್ಲಿ ಕೂರಬೇಕು ಅಂತ ತೋರಿಸಿದವನೂ ಅವನೇ. ಅವನು ಬಂದು ಭಾವನ ಹೆಗಲ ಮೇಲೆ ಕೈ ಹಾಕಿದ.

"ಕೊನೆಗಾಲದಲ್ಲಿ ಎಲ್ಲರಿಗೂ ಕಾಲಲ್ಲಿ ನೀರು ತುಂಬ್ಕೊಳ್ಳುತ್ತೆ ಭಾವ. ಅಕ್ಕಂಗೊಬ್ಬಳಿಗೇ ಅಲ್ಲ. ಕೈ ತೆಗೀರಿ, ಹೊತ್ತಾಗುತ್ತೆ."

ಆ ನೀರಲ್ಲ ಕಣಯ್ಯಾ ಅನ್ನುವ ಮಾತು ಹೂಂ ಮಾವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ನೀರಲ್ಲ ಅಂದಮೇಲೆ ಮತ್ತೆ ಯಾವ ನೀರು ಅಂತ ಹೇಳಬೇಕಾಗುತ್ತದೆ. ಅದಕ್ಕೆ ಕಮ್ಮಿ ಅಂದರೂ ಹತ್ತಾರು ವಾಕ್ಯ ಬೇಕು, ಒಂದಕ್ಕೊಂದು ಕೊಂಡಿ ಹಾಕಬೇಕು, ಕೇಳುವವರು ನಡುವೆ ಬಾಯಿ ಹಾಕಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಅಷ್ಟು ಸರಕು ಅವರ ಹತ್ತಿರ ಯಾವತ್ತೂ ಇರಲಿಲ್ಲ. ಅವರು ಕೈ ತೆಗೆದರು. "ಮೂರು" ಅಂದವರು ಎತ್ತಿದರು. ಬೀದಿಯವರೆಲ್ಲ ಕಂಡಕ್ಟರಮ್ಮ ಅನ್ನುತ್ತಿದ್ದ ಅವರ ಹೆಂಡತಿ ತನ್ನ ಜೀವಮಾನದಲ್ಲಿ ಮೊದಲ ಸಲ ಮಾತಾಡದೆ ಗಾಡಿ ಹತ್ತಿದಳು.

ಅವರಿಗೆ ಹೂಂ ಮಾವ ಅನ್ನುವ ಹೆಸರು ಬಿದ್ದದ್ದು ಹೆಂಡತಿಯಿಂದಲೇ. ಊಟ ಆಯ್ತಾ ಅಂದರೆ ಹೂಂ, ಬೇಕಾ ಅಂದರೆ ಹೂಂ, ಸಾಕಾ ಅಂದರೂ ಹೂಂ. ಮದುವೆಗೆ ಒಪ್ಪಿಗೆಯಾ ಅಂತ ಕೇಳಿದಾಗ ಒಂದು ಹೂಂ ಅಂದರು ನೋಡಿ, ಅದರ ರುಚಿ ಹತ್ತಿ ಬೇರೆ ಮಾತು ಕಲಿಯೋದನ್ನೇ ಬಿಟ್ಟುಬಿಟ್ಟರು ಅಂತ ಅವಳು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅವಳೋ, ಸಿಟಿ ಬಸ್ಸಿನ ಕಂಡಕ್ಟರು. ಟಿಕೆಟ್ಟಿನ ಜೊತೆಗೊಂದು ಕತೆ ಪುಕ್ಕಟೆ. ತಮ್ಮ ಸ್ಟಾಪು ಬಂದರೂ ಕತೆ ಮುಗಿಯದೆ ಇಳಿಯದ ಪ್ರಯಾಣಿಕರಿದ್ದರು. ನಿನ್ನೆ ಮಧ್ಯಾಹ್ನ ಪಕ್ಕದ ಮನೆಯವಳಿಗೆ ಒಂದು ಕತೆ ಅರ್ಧ ಹೇಳಿ, "ಸ್ವಲ್ಪ ಮಲಗಿ ಬರ್ತೀನಿ, ಮಿಕ್ಕಿದ್ದು ಆಮೇಲೆ" ಅಂತ ಒಳಗೆ ಹೋದವಳು ನಿದ್ದೆಯಲ್ಲೇ ಹೋಗಿಬಿಟ್ಟಳು. ಆ ಪಕ್ಕದ ಮನೆಯವಳು ಬೆಳಗ್ಗೆಯಿಂದ ಅಳುತ್ತಿರುವುದು ಅರ್ಧ ಕಂಡಕ್ಟರಮ್ಮನಿಗಾಗಿ, ಇನ್ನರ್ಧ ಕತೆಗಾಗಿ.

ವ್ಯಾನಿನಲ್ಲಿ ಹೂಂ ಮಾವ ಹೆಂಡತಿಯ ಕಾಲ ಬಳಿ ಕೂತರು. ಎದುರಿಗೆ ಮಗಳು. ರಸ್ತೆಯ ಹಳ್ಳದಲ್ಲಿ ವ್ಯಾನು ಎಗರಿದಾಗಲೆಲ್ಲ ಅವರು ಅವಳ ಎಡತೊಡೆಯನ್ನು ಅದುಮಿ ಹಿಡಿಯುತ್ತಿದ್ದರು. ಹೆಂಡತಿಯ ಮೂಳೆಯೊಳಗೆ ಏನಿದೆ, ಅದಕ್ಕೆ ಬೆಂಕಿ ತಗುಲಿದರೆ ಏನಾಗುತ್ತದೆ ಅನ್ನುವುದು ಗೊತ್ತಿದ್ದವರು ಮೂವರು. ಒಬ್ಬ ಡಾಕ್ಟರು, ಅವರು ಯಾವಾಗಲೋ ತೀರಿಕೊಂಡಿದ್ದರು. ಇನ್ನೊಬ್ಬಳು ಇಲ್ಲಿ ಮಲಗಿದ್ದಳು. ಮೂರನೆಯವರಿಗೆ ಬಾಯಿ ಬರುತ್ತಿರಲಿಲ್ಲ.

*

ಹೂಂ ಮಾವ ಉಕ್ಕು ಕಡೆಯುವ ಲೇತ್ ಮಿಷನ್ನಿನ ಮನುಷ್ಯ. ಆಸ್ಪತ್ರೆಗಳಿಗೆ ಇಕ್ಕಳ, ಕತ್ತರಿ, ಮೂಳೆಗೆ ಹಾಕುವ ಪಟ್ಟಿ ಮಾಡಿಕೊಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ಒಂದು ದಿನ ಅಲ್ಲಿಗೆ ಮೂಳೆ ಡಾಕ್ಟರೊಬ್ಬರು ಬಂದರು. ಕೈಗೆ ಸಿಕ್ಕಿದ್ದರ ಮೇಲೆಲ್ಲ ಚಿತ್ರ ಬರೆಯುವ ಚಾಳಿ ಅವರಿಗೆ. ಲೇತಿನ ಮೇಲೆಯೇ ಸೀಮೆಸುಣ್ಣದಲ್ಲಿ ಒಂದು ತೊಡೆಮೂಳೆ ಬರೆದು ವಿವರಿಸಿದರು. ಮುರಿದ ಮೂಳೆಯೊಳಗೆ ಈಗ ದಪ್ಪ ಸರಳು ಬಡಿದು ಕೂರಿಸುತ್ತಾರೆ, ಅದಕ್ಕೆ ಮೊದಲು ಮೂಳೆಯ ಒಳಗನ್ನೆಲ್ಲ ಕೊರೆಯಬೇಕು, ರೋಗಿಗೆ ಅದೊಂದು ಯಮಯಾತನೆ. ಅದರ ಬದಲು ಸಣ್ಣಗೆ ಒಳಗೆ ಹೋಗಿ, ಹೋದಮೇಲೆ ಬಲೂನಿನ ಹಾಗೆ ಉಬ್ಬಿ, ಒಳಗಿಂದಲೇ ಮೂಳೆಯನ್ನು ಒತ್ತಿಹಿಡಿಯುವ ಸರಳು ಮಾಡೋಕಾಗುತ್ತಾ ಅಂತ ಕೇಳಿದರು.

ಹೂಂ ಮಾವ "ಹೂಂ" ಅಂದರು.

ಕೇಳಿಸಿಕೊಂಡೆ ಅನ್ನುವ ಹೂಂ ಅದು. ಡಾಕ್ಟರು ಆಗುತ್ತೆ ಅನ್ನುವ ಹೂಂ ಅಂದುಕೊಂಡು ಕೈ ಕುಲುಕಿ ಹೋಗಿಬಿಟ್ಟರು. ಆ ಒಂದು ಹೂಂ ವರ್ಷಗಟ್ಟಲೆ ಅವರ ನಿದ್ದೆ ತಿಂತು. ತೆಳ್ಳನೆಯ ಉಕ್ಕಿನ ಕೊಳವೆಯನ್ನು ಮುಚ್ಚಿದ ಕೊಡೆಯ ಹಾಗೆ ಒಳಕ್ಕೆ ಮಡಚಬೇಕು. ಹಿಂಬದಿಯ ವಾಲ್ವಿನಿಂದ ಉಪ್ಪುನೀರು ನುಗ್ಗಿಸಿದರೆ ಮಡಿಕೆ ಬಿಚ್ಚಿಕೊಳ್ಳಬೇಕು, ಬಿಚ್ಚಿಕೊಂಡದ್ದು ಮತ್ತೆ ಮುದುಡಬಾರದು. ಮೊದಮೊದಲು ಎಲ್ಲ ಢಮಾರ್. ವರ್ಕ್‌ಶಾಪಿನ ಗೋಡೆ, ಚಾವಣಿ, ಮಾಲೀಕರ ಕನ್ನಡಕ, ಎಲ್ಲದಕ್ಕೂ ಉಪ್ಪುನೀರಿನ ಅಭಿಷೇಕ ಆಯಿತು.

ಪರೀಕ್ಷೆ ಮಾಡೋಕೆ ಮೂಳೆ ಬೇಕಲ್ಲ. ಮಾಂಸದಂಗಡಿಯಿಂದ ಬರಿ ಮೂಳೆ ತರುವ ಕೆಲಸ ಕಂಡಕ್ಟರಮ್ಮನ ಪಾಲಿಗೆ ಬಂತು. ದಿನಾ ಇಷ್ಟೊಂದು ಮೂಳೆ ಯಾಕಮ್ಮಾ ಅಂತ ಅಂಗಡಿಯವನು ಕೇಳಿದಾಗ, ನಾಯಿ ಸಾಕಿದ್ದೀನಿ ಅಂದಳು. ಎಷ್ಟು ನಾಯಿ ಅಂದ. ಅಂದಿನಿಂದ ನಾಯಿಗಳ ಸಂಖ್ಯೆ ಬೆಳೆಯುತ್ತ ಹೋಯಿತು, ಒಂದೊಂದಕ್ಕೂ ಒಂದೊಂದು ಗುಣ ಬಂತು. ಒಂದು ಕುಂಟು, ಒಂದಕ್ಕೆ ಗುಡುಗಿಗೆ ಭಯ, ಒಂದಕ್ಕೆ ಹೆರಿಗೆಯೂ ಆಯಿತು. ಅಂಗಡಿಯವನು ಬಾಣಂತಿ ನಾಯಿಗೆ ಅಂತ ಬೇರೆಯಾಗಿ ಕಟ್ಟಿಕೊಡುತ್ತಿದ್ದ. ಒಂದು ದಿನ ಅವನು ಮರಿ ನೋಡೋಕೆ ಮನೆಗೇ ಬಂದುಬಿಟ್ಟ. ಬಾಗಿಲು ತೆಗೆದವರು ಹೂಂ ಮಾವ. ನಾಯಿಗಳೆಲ್ಲ ಒಳಗಿದಾವಾ ಅಂತ ಅವನು ಕೇಳಿದ. ಹೂಂ ಅಂದು ಅವರು ಬಾಗಿಲು ಹಾಕಿಕೊಂಡರು. ಅವತ್ತು ರಾತ್ರಿ ಹೆಂಡತಿ ನಗುನಗುತ್ತ ಮಂಚದಿಂದ ಕೆಳಗೆ ಉರುಳಿದಳು.

*

ಚಿತಾಗಾರ ಅಂದರೆ ಬಿಳಿ ಟೈಲ್ಸಿನ ಒಂದು ಹಜಾರ. ಕೊನೆಯಲ್ಲಿ ಕಬ್ಬಿಣದ ಬಾಗಿಲು, ಬಾಗಿಲಲ್ಲಿ ಅಂಗೈಯಗಲದ ದಪ್ಪ ಗಾಜಿನ ಕಿಂಡಿ. ಬಾಗಿಲಿನ ತನಕ ನೆಲದಲ್ಲಿ ಹಳಿ, ಹಳಿಯ ಮೇಲೆ ಟ್ರಾಲಿ. ಆಪರೇಟರು ದುಂಡುಮುಖದ, ಮೆದುಮಾತಿನ ಮನುಷ್ಯ. ಆಗಾಗ ಹೋಗಿ ಆ ಕಿಂಡಿಗೆ ಮುಖ ಹಚ್ಚಿ ಒಳಗೆ ನೋಡುವುದು ಅವರ ಕೆಲಸ. ಹೂಂ ಮಾವನ ಕಣ್ಣು ಬಿದ್ದದ್ದು ಮೊದಲು ಆ ಕಿಂಡಿಯ ಮೇಲೆ, ಆಮೇಲೆ ಆ ಮುಖದ ಮೇಲೆ.

ಹಜಾರದ ತುಂಬ ಬಸ್ ಡಿಪೋದ ಜನ. ನಿವೃತ್ತ ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು. ಸಾವಿನ ಮನೆಗೆ ಬಂದವರ ಹಾಗೆ ಗಂಭೀರವಾಗಿ ನಿಂತದ್ದು ಸ್ವಲ್ಪ ಹೊತ್ತು ಮಾತ್ರ. ಕಂಡಕ್ಟರಮ್ಮ ಅವರಿಗೆಲ್ಲ ಅಕ್ಕ, ಅಕ್ಕ ಅಂದರೆ ನೆನಪಾಗುವುದೇ ನಗು, ಪಾಪ ಅವರೇನು ಮಾಡಿಯಾರು.

ಆಪರೇಟರು ಬಂದು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ? ಇಲ್ಲ ಅಂದ ಭಾವಮೈದ. ಬೇರೆ ಏನಾದರೂ?

"ಕಾಲಲ್ಲಿ ರಾಡ್ ಇದೆ," ಅಂದಳು ಮಗಳು.

ಅಷ್ಟು ಸಾಕಾಯಿತು. ಡಿಪೋದವರ ಬಾಯಿ ಬಿಚ್ಚಿಕೊಂಡಿತು. ಅದು ರಾಡ್ ಅಲ್ಲ, ಬಂಗಾರದ ಸರಳು, ಅಕ್ಕನೇ ನನಗೆ ಹೇಳಿದ್ದು ಅಂದ ಒಬ್ಬ ದಪ್ಪ ಡ್ರೈವರು. ಬಂಗಾರ ಅಲ್ಲವೇ ಅಲ್ಲ, ಹಳೇ ಬಸ್ಸಿನ ಗೇರ್ ರಾಡು, ಅದಕ್ಕೇ ಅಕ್ಕ ಏರಿನಲ್ಲಿ ನಡೆಯುವಾಗ ತೊಡೆ ತಟ್ಟಿ ಗೇರ್ ಬದಲಾಯಿಸುತ್ತಿದ್ದಳು ಅಂದ ಮೆಕ್ಯಾನಿಕ್ಕು. ಸುಳ್ಳು ಹೇಳಿದರೆ ಸೀಟಿ ಹೊಡೆಯುವ ಯಂತ್ರ ಅದು, ಟಿಕೆಟ್ ತಗೊಳ್ಳದವರ ಹತ್ತಿರ ಹೋದರೆ ಕುಯ್ ಅನ್ನುತ್ತೆ ಅಂತ ನಮ್ಮನ್ನೆಲ್ಲ ಹೆದರಿಸುತ್ತಿದ್ದಳು ಅಂದಳು ಒಬ್ಬಳು ಹಳೆಯ ಕಂಡಕ್ಟರು. ಮಗಳಿಗೂ ನಗು ತಡೆಯಲಾಗಲಿಲ್ಲ. ನನಗೆ ಚಿಕ್ಕವಳಿದ್ದಾಗ ಅಮ್ಮ ಹೇಳಿದ್ದೇ ಬೇರೆ, ಕಾಲಲ್ಲಿ ನಲ್ಲಿ ಇದೆ, ನೀನು ಹಟ ಮಾಡಿದರೆ ತಿರುಗಿಸಿ ಮನೆ ತುಂಬ ನೀರು ಬಿಡ್ತೀನಿ ಅಂದಿದ್ದಳು ಅಂತ ಕಣ್ಣೊರೆಸಿಕೊಂಡಳು.

ಆಪರೇಟರೂ ನಕ್ಕರು. ರಾಡು ಏನೂ ತೊಂದರೆಯಿಲ್ಲ, ದಿನಾ ಬರುತ್ತೆ, ಬೂದಿಯಲ್ಲಿ ಹಾಗೇ ಉಳಿಯುತ್ತೆ, ತೆಗೆದಿಡ್ತೀನಿ ಅಂದರು.

ಹೂಂ ಮಾವ ಹೆಂಡತಿಯ ಕಡೆ ನೋಡಿದರು. ಇವಳು ಎಲ್ಲರಿಗೂ ಒಂದೊಂದು ಬುರುಡೆ ಬಿಟ್ಟಿದ್ದಾಳೆ, ಮಗಳಿಗೆ ಮಾತ್ರ ನಿಜದ ಹತ್ತಿರದ್ದು ಹೇಳಿದ್ದಾಳೆ, ಅದನ್ನೇ ಯಾರೂ ನಂಬುತ್ತಿಲ್ಲ. ಅವರು ಮುಂದೆ ಬಂದು ಆಪರೇಟರ ತೋಳು ಹಿಡಿದರು.

"ನೀರು," ಅಂದರು.

ಯಾರೋ ಓಡಿಹೋಗಿ ಬಾಟಲಿ ತಂದರು. ಇನ್ಯಾರೋ ಮುಚ್ಚಳ ತೆಗೆದು ಬಾಯಿಗೇ ಹಿಡಿದರು. ಬೆಳಗ್ಗೆಯಿಂದ ಏನೂ ತಗೊಂಡಿಲ್ಲ ಪಾಪ ಅಂದರು. ತಂದವರಿಗೆ ಬೇಡ ಅಂದು ಅಭ್ಯಾಸವಿಲ್ಲದ ಹೂಂ ಮಾವ ಗುಟುಕು ಗುಟುಕಾಗಿ ಕುಡಿದರು. ಕುಡಿಯುವಷ್ಟರಲ್ಲಿ ಟ್ರಾಲಿಯ ಮೇಲೆ ಹೆಂಡತಿಯನ್ನು ಮಲಗಿಸಿ ಆಗಿತ್ತು.

*

ಅವಳು ಬಸ್ಸಿನ ಮೆಟ್ಟಿಲಿಂದ ಬಿದ್ದದ್ದು ಸರಳು ತಯಾರಾಗಿ, ಮೊದಲನೆಯ ರೋಗಿಗಾಗಿ ಡಾಕ್ಟರು ಕಾಯುತ್ತಿದ್ದ ದಿನಗಳಲ್ಲಿ. ಎಡತೊಡೆ ಮುರಿದಿತ್ತು. ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಅವಳು ಗಂಡನಿಗೆ ಹೇಳಿದ್ದು ಒಂದೇ ಮಾತು: ಬೇರೆ ಯಾರ ಸರಳೂ ಬೇಡ, ನೀವು ಮಾಡಿದ್ದೇ ಹಾಕಿಸಿ, ಒಡೆದುಹೋದರೆ ಮನೆಯಲ್ಲೇ ರಿಪೇರಿಯವರಿದ್ದಾರಲ್ಲ. ಹೂಂ ಮಾವ ಅವತ್ತೊಂದು ದಿನ ಹೂಂ ಅನ್ನಲಿಲ್ಲ. ಬೇಡ ಅಂತ ತಲೆಯಾಡಿಸಿದರು. ಬೇರೆಯವರ ಕಾಲಾದರೆ ಅವರಿಗೆ ಅಷ್ಟು ಭಯವಿರಲಿಲ್ಲ.

ಅವಳ ಹಟದ ಮುಂದೆ ಯಾರದು ನಡೆದಿದೆ. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಆಪರೇಷನ್ನಿನ ಉದ್ದಕ್ಕೂ ಅವಳ ಬಾಯಿ ಚಾಲೂ ಇತ್ತು. ಪಂಪು ಹೊಸದು, ಅದರ ಮರ್ಜಿ ಗೊತ್ತಿದ್ದವರು ಅದನ್ನು ಮಾಡಿದವರು ಮಾತ್ರ ಅಂತ ಡಾಕ್ಟರು ಹೂಂ ಮಾವನಿಗೂ ಹಸಿರು ಗೌನು ತೊಡಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಡಾಕ್ಟರು ಸರಳು ಒಳಗೆ ಬಿಟ್ಟು ಸನ್ನೆ ಮಾಡಿದರು. ಹೂಂ ಮಾವ ಹಿಡಿ ತಿರುಗಿಸತೊಡಗಿದರು. ಪರದೆಯ ಆ ಕಡೆಯಿಂದ ಹೆಂಡತಿಯ ದನಿ ಬಂತು.

"ರೀ, ನೀವೇನಾ ಗಾಳಿ ಹೊಡೀತಿರೋದು?"

"ಹೂಂ."

"ನೋಡ್ಕೊಂಡು ಹೊಡೀರಿ. ಜಾಸ್ತಿಯಾಗಿ ನಾನು ತೇಲಿಹೋದ್ರೆ ಅಡುಗೆ ನೀವೇ ಮಾಡ್ಕೋಬೇಕು."

ಡಾಕ್ಟರು ನಕ್ಕು ಕೈ ನಡುಗಿ, ಸ್ವಲ್ಪ ತಡೀರಮ್ಮಾ ಅಂತ ಕೇಳಿಕೊಂಡರು. ಪಂಪಿನ ಮುಳ್ಳು ನಿಲ್ಲಬೇಕಾದಲ್ಲಿ ನಿಂತಿತು. ಮೂಳೆ ಬಿಗಿಯಾಗಿ ಹಿಡಿದುಕೊಂಡಿತು. ಹೂಂ ಮಾವ ಗೌನು ಬಿಚ್ಚಿ ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ, ಯಾರಿಗೂ ಕಾಣದ ಹಾಗೆ ಅತ್ತರು. ಅಷ್ಟು ಸಂತೋಷ ಅವರಿಗೆ ಮತ್ತೊಮ್ಮೆ ಆದದ್ದು ಮಗಳು ಹುಟ್ಟಿದಾಗ.

ಮೂಳೆ ಕೂಡಿದ ಮೇಲೆ ಸರಳು ತೆಗೆಯೋಣ ಅಂದರು ಡಾಕ್ಟರು. ಅವಳು ಸುತರಾಂ ಒಪ್ಪಲಿಲ್ಲ. ನನ್ನ ಗಂಡ ನನಗೆ ಬಾಯಿಬಿಟ್ಟು ಏನೂ ಹೇಳಿದವರಲ್ಲ, ಮಾಡಿಕೊಟ್ಟಿರೋದು ಇದೊಂದು, ಇದು ನನ್ನ ಜೊತೆಗೇ ಇರಲಿ ಅಂದಳು. ಆಮೇಲೆ ಡಾಕ್ಟರು ಹೂಂ ಮಾವನನ್ನು ಮೆಟ್ಟಿಲ ಬಳಿ ತಡೆದು ದನಿ ತಗ್ಗಿಸಿ ಎಚ್ಚರಿಕೆ ಹೇಳಿದರು. ಎಷ್ಟೋ ವರ್ಷದ ಮೇಲಿನ ಮಾತು, ಆದರೂ ನೆನಪಿರಲಿ, ಸುಡುವುದಾದರೆ ಮೊದಲು ನೀರು ಬಿಡಿಸಬೇಕು. ಹೂಂ ಅಂದ ಹೂಂ ಮಾವ ಅದನ್ನು ಹೆಂಡತಿಯೊಬ್ಬಳ ಕಿವಿಗೆ ಹಾಕಿ ಅಲ್ಲಿಗೇ ಬಿಟ್ಟರು. ಹೋಗುವವರು ಮೊದಲು ತಾವು ಅಂತಲೇ ಅವರು ಲೆಕ್ಕ ಹಾಕಿದ್ದರು. ಆಗ ತನ್ನ ಕಾಲಿನ ವಿಷಯ ಎಲ್ಲರಿಗೂ ಮೊದಲೇ ಹೇಳಿಡೋಕೆ ಅವಳಿರುತ್ತಿದ್ದಳು.

*

ಆಪರೇಟರು ಗುಂಡಿ ಒತ್ತಿದರು. ಕಬ್ಬಿಣದ ಬಾಗಿಲು ಮೇಲೇರಿತು. ಒಳಗಿನ ಕೆಂಪು ಬೆಳಕು ಟೈಲ್ಸಿನ ಮೇಲೆ ಬಿತ್ತು. ಟ್ರಾಲಿ ಹೊರಟಿತು.

ಹೂಂ ಮಾವ ಹೋಗಿ ಹಳಿಯ ನಡುವೆ ಕೂತುಬಿಟ್ಟರು.

ಹಜಾರದಲ್ಲಿ ಗದ್ದಲ ಎದ್ದಿತು. ಆಪರೇಟರು ಗಾಬರಿಯಿಂದ ಟ್ರಾಲಿ ನಿಲ್ಲಿಸಿದರು. ಭಾವಮೈದ ಓಡಿಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದ. ಅಕ್ಕನ ಜೊತೆಗೇ ಹೋಗ್ತೀನಿ ಅಂತಿದ್ದಾರೆ ಅಂತ ಹಿಂದಿನಿಂದ ಯಾರೋ ಅತ್ತರು. ಹೂಂ ಮಾವ ಭಾವಮೈದನ ಕೈ ಕೊಡವಿದರು.

"ಬಿಡು. ನಾನು ಮಾತಾಡಬೇಕು," ಅಂದರು.

ಹೂಂ ಮಾವ ನೆಲ ನೋಡಿಕೊಂಡು, ಒಂದೊಂದೇ ಮಾತನ್ನು ಲೇತಿಗೆ ಕೊಟ್ಟು ತೆಗೆದವರ ಹಾಗೆ ಹೇಳಿದರು.

"ಅದು ರಾಡಲ್ಲ. ಟ್ಯೂಬು. ಉಕ್ಕಿಂದು. ಒಳಗೆ ನೀರಿದೆ, ಉಪ್ಪುನೀರು. ನಾನೇ ಪಂಪು ಹೊಡೆದು ತುಂಬಿಸಿದ್ದು. ಎರಡೂ ಕಡೆ ಮುಚ್ಚಿದೆ. ಬೆಂಕಿ ತಗುಲಿದ್ರೆ ನೀರು ಹಬೆಯಾಗುತ್ತೆ, ಹಬೆಗೆ ದಾರಿಯಿಲ್ಲ. ಸೀಟಿ ಇಲ್ಲದ ಕುಕ್ಕರು." ಆಮೇಲೆ ತಲೆಯೆತ್ತಿ ಆಪರೇಟರನ್ನು ನೋಡಿದರು. "ನೀವು ಆ ಕಿಂಡಿಗೆ ಮುಖ ಇಡ್ತೀರಲ್ಲ, ಆಗ ಅದು ಸಿಡಿಯುತ್ತೆ. ಇವಳು ಜೀವನದಲ್ಲಿ ಯಾರಿಗೂ ನೋವು ಮಾಡಿದವಳಲ್ಲ. ಇವತ್ತು ಮಾಡಬಾರದು."

ಭಾವಮೈದ ಬಗ್ಗಿ, ಭಾವ ಬಳಲಿದ್ದಾರೆ, ಏನೇನೋ ಅಂತಿದ್ದಾರೆ ಅಂತ ಆಪರೇಟರ ಕಿವಿಯಲ್ಲಿ ಹೇಳತೊಡಗಿದ. ಮಗಳು ಅವನನ್ನು ಪಕ್ಕಕ್ಕೆ ಸರಿಸಿದಳು.

"ಮಾವ, ನಾನು ಹುಟ್ಟಿದಾಗಿನಿಂದ ಅಪ್ಪ ಇಷ್ಟು ಮಾತಾಡಿದ್ದು ನೋಡೇ ಇಲ್ಲ. ಇದು ನಿಜಾನೇ."

ಡಿಪೋದವರೆಲ್ಲ ಹೌದು ಹೌದು ಅಂದರು. ಇದಕ್ಕಿಂತ ದೊಡ್ಡ ಸಾಕ್ಷಿ ಅವರಿಗೆ ಬೇಕಿರಲಿಲ್ಲ. ಆಪರೇಟರು ಒಂದು ಸಲ ಕಿಂಡಿಯ ಕಡೆ ನೋಡಿ, ತಮ್ಮ ದುಂಡುಮುಖವನ್ನು ಅಂಗೈಯಿಂದ ಸವರಿಕೊಂಡು, ಕಬ್ಬಿಣದ ಬಾಗಿಲು ಇಳಿಸಿದರು. ಆಮೇಲೆ ಆಸ್ಪತ್ರೆಗೆ ಫೋನು ಹಚ್ಚಿದರು.

ಆಸ್ಪತ್ರೆಯಿಂದ ಬಂದ ಡಾಕ್ಟರಮ್ಮನಿಗೆ ವಿಷಯ ಕೂಡಲೇ ಅರ್ಥವಾಯಿತು. ಇಂಥ ಸರಳಿನ ಬಗ್ಗೆ ಓದಿದ್ದೆ, ಈಗ ಯಾರೂ ಹಾಕಲ್ಲ, ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ ಅಂದಳು. ಟ್ರಾಲಿಯನ್ನು ಪಕ್ಕದ ಕೋಣೆಗೆ ತಳ್ಳಿ ಪರದೆ ಎಳೆದರು. ಯಾರಾದರೂ ಒಬ್ಬರು ಜೊತೆಗಿರಬಹುದು ಅಂದಳು ಡಾಕ್ಟರಮ್ಮ. ಭಾವಮೈದ ಮುಂದೆ ಬಂದವನು ಭಾವನ ಮುಖ ನೋಡಿ ಹಿಂದೆ ಸರಿದ.

ಒಳಗೆ ಹೂಂ ಮಾವ ಹೆಂಡತಿಯ ತಲೆಯ ಕಡೆ ನಿಂತರು. ಡಾಕ್ಟರಮ್ಮ ಸರಳಿನ ಮೇಲ್ತುದಿಯಿರುವ ಸೊಂಟದ ಬಳಿ ಸಣ್ಣಗೆ ಕೊಯ್ದು, ತಡಕಿ, ಚೂಪಾದ ಸಲಕರಣೆಯೊಂದನ್ನು ಇಟ್ಟು ಒತ್ತಿದಳು. ಹೂಂ ಮಾವ ಕಿವಿಗೊಟ್ಟರು. ಇಷ್ಟು ವರ್ಷ ಒತ್ತಡದಲ್ಲಿದ್ದದ್ದು, ಏನಿಲ್ಲವೆಂದರೂ ಒಂದು ಬುಸ್ ಅನ್ನಬೇಡವೇ.

ಬುಸ್ಸೂ ಇಲ್ಲ, ಏನೂ ಇಲ್ಲ. ಡಾಕ್ಟರಮ್ಮ ಹಿಡಿದಿದ್ದ ಸ್ಟೀಲ್ ಬಟ್ಟಲಿಗೆ ನೀರು ತೊಟ್ಟು ತೊಟ್ಟಾಗಿ ಇಳಿಯಿತು. ಎಲ್ಲ ಸೇರಿ ಒಂದು ಚಮಚ ಆಗಿರಬೇಕು. ತಿಳಿಯಾಗಿತ್ತು.

"ಇಷ್ಟೇನಾ?" ಅಂದರು ಹೂಂ ಮಾವ.

ಇಷ್ಟೇ, ಆದರೆ ಇಷ್ಟು ಸಾಕಿತ್ತು ಆ ಗಾಜಿನ ಕಿಂಡಿಗೆ ಅಂದಳು ಅವಳು. ಮತ್ತೆ ಒಂದು ಸಂದೇಹ ಕೇಳಿದಳು: ಒಂದು ತೊಟ್ಟೂ ಸೋರದ ಹಾಗೆ ಇಷ್ಟು ಕಾಲ ಹಿಡಿದಿಟ್ಟಿದೆಯಲ್ಲ, ಮಾಡಿದವರು ನೀವೇನಾ? ಹೂಂ ಅಂದರು ಅವರು. ಬಗ್ಗಿ ಹೆಂಡತಿಯ ಹಣೆಯ ಮೇಲಿನ ಕೂದಲು ಸರಿಪಡಿಸಿದರು. ಮೂಗಿನ ತುದಿಯಿಂದ ಕಣ್ಣೀರು ತೊಟ್ಟಿಕ್ಕಿತು, ಜೊತೆಗೇ ನಗುವೂ ಬಂತು. ಮನೆ ತುಂಬ ನೀರು ಬಿಡ್ತೀನಿ ಅಂದಿದ್ದ ಇವಳಿಗೆ ಈ ಚಮಚದ ಲೆಕ್ಕ ಗೊತ್ತಾಗಿದ್ದರೆ ಎಷ್ಟು ಬೇಜಾರು ಮಾಡಿಕೊಳ್ಳುತ್ತಿದ್ದಳು ಅಂತ ಅನ್ನಿಸಿತು.

ಪರದೆ ಸರಿಸಿ ಹೊರಗೆ ಬಂದಾಗ ಹಜಾರವೆಲ್ಲ ಅವರಿಗೇ ಕಾಯುತ್ತಿತ್ತು. ಡ್ರೈವರುಗಳು, ಮೆಕ್ಯಾನಿಕ್ಕು, ಹಳೆಯ ಕಂಡಕ್ಟರು, ಪಕ್ಕದ ಮನೆಯವಳು, ಭಾವಮೈದ, ಮಗಳು, ಜೊತೆಗೆ ಆಪರೇಟರೂ. ಎಲ್ಲರ ಬಾಯಿ ಅರೆ ತೆರೆದಿತ್ತು.

"ನೀರಿತ್ತಾ ಭಾವ?" ಅಂತ ಕೇಳಿದ ಭಾವಮೈದ.

"ಹೂಂ," ಅಂದರು ಹೂಂ ಮಾವ.

ಅಷ್ಟಕ್ಕೇ ನಿಲ್ಲಿಸಿ ಬಾಗಿಲ ಕಡೆ ಹೆಜ್ಜೆ ಇಟ್ಟವರು, ಯಾರೂ ದಾರಿ ಬಿಡದ್ದನ್ನು ಕಂಡು ನಿಂತರು. ಪಕ್ಕದ ಮನೆಯವಳ ಮುಖ ನೋಡಿದರು. ಮಗಳ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಚಿಮ್ಮಿತು," ಅಂದರು.

"ಹೌದಾ ಅಪ್ಪ? ಎಷ್ಟು?"

ಹೂಂ ಮಾವ ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದರು. ಹಿಂದಿನ ಸಾಲಿನಿಂದ ಓಹೋ ಅಂದದ್ದು ಕೇಳಿ ಎದೆಯ ತನಕ ಏರಿಸಿದರು. ಆಮೇಲೆ ಹುಬ್ಬಿನ ತನಕ. ಡಾಕ್ಟರಮ್ಮ ಪರದೆಯ ಸಂದಿಯಲ್ಲಿ ಬಟ್ಟಲು ಬೆನ್ನ ಹಿಂದೆ ಇಟ್ಟುಕೊಂಡು, "ನನ್ನ ಕನ್ನಡಕವೆಲ್ಲ ಒದ್ದೆ," ಅಂದಳು. ಹಜಾರ ಗೊಳ್ಳೆಂದಿತು. ಕುಳ್ಳನೆಯ ಹೂಂ ಮಾವ ಭಾವಮೈದನ ಹೆಗಲು ಆಧಾರಕ್ಕೆ ಹಿಡಿದು, ಚಪ್ಪಲಿಯ ತುದಿಯಲ್ಲಿ ನಿಂತು, ಬಲಗೈಯನ್ನು ತಲೆಯ ಮೇಲೆ ಎಷ್ಟು ಎಟುಕುತ್ತದೋ ಅಷ್ಟು ಎತ್ತಿದರು.

"ಇನ್ನೂ ಮೇಲೆ," ಅಂದರು.